ಕಥೆ ಗೊತ್ತು, ಏನು ಬರೆಯಬೇಕೆಂದು ಗೊತ್ತಿಲ್ಲ: ಪಾತ್ರ, ಶೈಲಿ, ಭಾವವನ್ನು ಬಿಡಿಸಿ ಓದುವ ಕ್ರಮ

ಐಚ್ಛಿಕ ಕನ್ನಡ ತೆಗೆದುಕೊಂಡವರು, ಓದುಬಳಗದಲ್ಲಿ ಮಾತನಾಡಬೇಕಾದವರು, ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆಯಲು ಕೂತವರು, ಇವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಕೃತಿ ಓದಿದ್ದೇನೆ, ಕಥೆ ಪೂರ್ತಿ ಗೊತ್ತು. ಆದರೆ ಪಾತ್ರವನ್ನು ವಿಶ್ಲೇಷಿಸಿ ಅಂದರೆ ಮತ್ತೆ ಕಥೆಯನ್ನೇ ಹೇಳಿಬಿಡುತ್ತೇನೆ. ಏನು ಮಾಡಲಿ?”

ಏನಾಯಿತು ಎಂದು ಹೇಳಿದರೆ ಕಥೆ. ಆದದ್ದನ್ನು ಹೇಳಲು ಕವಿ ಈ ಮಾತನ್ನೇ ಯಾಕೆ ಆರಿಸಿಕೊಂಡ ಎಂದು ಕೇಳಿದರೆ ವಿಶ್ಲೇಷಣೆ. ಕೆಳಗಿನ ಎಲ್ಲ ಹಂತಗಳೂ ಈ ಎರಡನೆಯ ಪ್ರಶ್ನೆಯನ್ನು ಬೇರೆಬೇರೆ ದಿಕ್ಕಿನಿಂದ ಕೇಳುವ ಉಪಾಯಗಳು.

ಬರಿ ಸೂತ್ರ ಹೇಳಿದರೆ ಉಪಯೋಗವಿಲ್ಲ. ಹಾಗಾಗಿ ಒಂದೇ ಸಂದರ್ಭವನ್ನು ಹಿಡಿದು ನಡೆಯೋಣ: ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ‘ಕೌರವೇಂದ್ರನ ಕೊಂದೆ ನೀನು’ ಎಂಬ ಹೆಸರಿನಲ್ಲಿ ಹತ್ತನೆಯ ತರಗತಿಯ ಪಠ್ಯದಲ್ಲಿ ಬಂದಿರುವುದರಿಂದ ಬಹಳ ಮಂದಿಗೆ ಅರ್ಧ ಬಾಯಿಪಾಠವೇ ಇರುತ್ತದೆ. ಆಧುನಿಕ ಕೃತಿಗಳಿಗೆ ಬಂದಾಗ ಏನು ಬದಲಾಗುತ್ತದೆ ಎಂಬುದನ್ನು ಏಳನೆಯ ಭಾಗದಲ್ಲಿ ನೋಡೋಣ.

ಬೇಕಾಗುವ ಸಾಮಗ್ರಿ

ಮೂಲ ಪಠ್ಯ, ಒಂದು ಪೆನ್ಸಿಲ್, ಎರಡು ಬಣ್ಣದ ಪೆನ್ನು, ಉದ್ದನೆಯ ನೋಟ್‌ಬುಕ್ಕು. ಹಳೆಯ ಕೃತಿಯಾದರೆ ನಿಘಂಟು ಬೇಕೇ ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. 1894ರ ಕಿಟ್ಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಗದ್ಯಾನುವಾದ ಕೈಯಲ್ಲಿದ್ದರೆ ಇರಲಿ, ಆದರೆ ನಿಮ್ಮ ಅರ್ಥ ಬರೆದಾದ ಮೇಲೆ ಮಾತ್ರ ತೆರೆಯಿರಿ. ಮೊದಲೇ ತೆರೆದರೆ ನೀವು ಓದುವುದು ಅನುವಾದಕರ ಕುಮಾರವ್ಯಾಸನನ್ನು.

ಸಮಯದ ಲೆಕ್ಕ: ಒಂದು ಷಟ್ಪದಿಗೆ, ಅಂದರೆ ಆರು ಸಾಲಿನ ಪದ್ಯಕ್ಕೆ, ಮೊದಮೊದಲು 40 ನಿಮಿಷ ಹಿಡಿಯುತ್ತದೆ. ಹತ್ತು ಪದ್ಯ ಮಾಡಿದ ಮೇಲೆ 15 ನಿಮಿಷಕ್ಕೆ ಇಳಿಯುತ್ತದೆ.

1. ಸಣ್ಣ ತುಂಡು ಆರಿಸಿಕೊಳ್ಳಿ

‘ಕುಮಾರವ್ಯಾಸನ ಕರ್ಣ’ ಎಂದು ಶುರುಮಾಡಿದರೆ ಹತ್ತು ಪರ್ವಗಳ ರಾಶಿಯ ಮುಂದೆ ಕೂತಂತೆ. ಪಾತ್ರ ತಿರುವು ತೆಗೆದುಕೊಳ್ಳುವ ಜಾಗ ಹುಡುಕಿ: ಗೊತ್ತಿಲ್ಲದ್ದು ಗೊತ್ತಾಗುವ ಕಡೆ, ಎರಡು ಒಳ್ಳೆಯದರಲ್ಲಿ ಒಂದನ್ನು ಬಿಡಬೇಕಾದ ಕಡೆ, ಮಾತು ನಿಂತುಹೋಗುವ ಕಡೆ. ಪದ್ಯವಾದರೆ 5ರಿಂದ 10, ಗದ್ಯವಾದರೆ ಎರಡು ಮೂರು ಪುಟ ಸಾಕು.

2. ಮೊದಲು ಮಾತಿನ ಅರ್ಥ, ಆಮೇಲೆ ಉಳಿದದ್ದು

ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನೀನು ಕುಂತಿಯ ಹಿರಿಯ ಮಗ, ಹಸ್ತಿನಾಪುರ ನಿನ್ನದು ಎಂದು ಹೇಳಿ ಮುಗಿಸಿದ್ದಾನೆ. ಆಗ ಬರುವ ಪದ್ಯ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಎರಡು ಸಲ ಗಟ್ಟಿಯಾಗಿ ಓದಿ. ಕುಮಾರವ್ಯಾಸ ಗಮಕಿಗಳ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವವರ, ಬಾಯಲ್ಲಿ ಬೆಳೆದ ಕವಿ, ಕಣ್ಣಿನ ಓದಿಗೆ ಅರ್ಧವೇ ಸಿಗುತ್ತಾನೆ. ಆಮೇಲೆ ಸಂಧಿ ಬಿಡಿಸಿ ಅನ್ವಯ ಮಾಡಿ. ಅನ್ವಯವೆಂದರೆ ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ತರುವುದು: “ಕೊರಳ ನರಗಳು ಉಬ್ಬಿದವು, ಕಣ್ಣೀರು ನುಗ್ಗಿತು, ತುಂಬ ನೊಂದನು, ಅಯ್ಯೋ, ಕುರುಪತಿಗೆ ಕೇಡಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡನು, ಹರಿಯ ಹಗೆತನ ಹೊಗೆ ತೋರದೆ, ಸುಡದೆ ಸುಮ್ಮನೆ ಹೋದೀತೇ? ನನ್ನ ವಂಶವನ್ನು ತಿಳಿಸಿ ಕೊಂದನು. ಹೆಚ್ಚು ಮಾತೇಕೆ ಎಂದು ಚಿಂತಿಸಿದನು.”

ಇಲ್ಲಿ ಎಡವುವುದು ಗೊತ್ತಿಲ್ಲದ ಪದದಿಂದಲ್ಲ, ಗೊತ್ತಿದೆ ಅಂದುಕೊಂಡ ಪದದಿಂದ. ‘ಹಿಗ್ಗು’ ಇವತ್ತು ಸಂತೋಷ, ಇಲ್ಲಿ ಉಬ್ಬುವುದು. ‘ಸೆರೆ’ ಇವತ್ತು ಬಂಧನ; ಇಲ್ಲಿ ನರ. ಈ ಎರಡನ್ನು ತಪ್ಪಾಗಿ ಓದಿದರೆ ಕರ್ಣ ಖುಷಿಯಿಂದ ಅತ್ತನೆಂದು ಬರೆದುಬಿಡುತ್ತೀರಿ. ಮುಂದಿನ ಪದ್ಯಗಳಲ್ಲೂ ಇಂಥವಿವೆ: ‘ಹೊರೆದ ದಾತಾರ’ ಎಂದರೆ ಸಾಕಿದ ಒಡೆಯ, ಭಾರಕ್ಕೆ ಸಂಬಂಧವಿಲ್ಲ, ‘ಶಿರವನರಿದು’ ಎಂದರೆ ತಲೆ ಕತ್ತರಿಸಿ, ತಿಳಿಯುವ ಅರಿವಲ್ಲ. ಪರಿಚಿತವೆನಿಸಿದ ಪದವನ್ನೇ ಮೊದಲು ನಿಘಂಟಿನಲ್ಲಿ ನೋಡಿ.

ಇನ್ನೊಂದು ಎಚ್ಚರ. ಹಳೆಯ ಕೃತಿಗಳಲ್ಲಿ ಪಾಠಾಂತರ ಇರುತ್ತದೆ, ಅಂದರೆ ಬೇರೆಬೇರೆ ಓಲೆಪ್ರತಿಗಳಲ್ಲಿ ಒಂದೇ ಸಾಲಿಗೆ ಬೇರೆ ರೂಪಗಳು. ನಿಮ್ಮ ವಾದವೆಲ್ಲ ಒಂದೇ ಅಕ್ಷರದ ಮೇಲೆ ನಿಂತಿದ್ದರೆ ಇನ್ನೊಂದು ಮುದ್ರಣ ತೆಗೆದು ನೋಡದೆ ಮುಂದೆ ಹೋಗಬೇಡಿ.

3. ನಾಲ್ಕು ಕಲಮುಗಳ ಪಟ್ಟಿ

ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ: ಯಾರು ಹೇಳುತ್ತಾರೆ, ಯಾರಿಗೆ, ಏನು ಹೇಳುತ್ತಾರೆ, ಏನನ್ನು ಹೇಳುವುದಿಲ್ಲ. ಕೊನೆಯ ಕಲಮನ್ನು ಅಗಲವಾಗಿಡಿ.

ಮೇಲಿನ ಪದ್ಯದಲ್ಲಿ ಮಾತನಾಡುವವನು ಕರ್ಣ, ಕೇಳುವವನು ಕರ್ಣನೇ. ‘ತನ್ನ ಮನದೊಳಗೆ’, ‘ಚಿಂತಿಸಿದ’ ಎಂಬ ಎರಡು ಬೇಲಿಗಳ ಒಳಗೆ ಕವಿ ಈ ಮಾತನ್ನು ಇಟ್ಟಿದ್ದಾನೆ. ಇದನ್ನು ಗಮನಿಸದೆ “ಕರ್ಣ ಕೃಷ್ಣನಿಗೆ ಹೇಳಿದನು” ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಕೃಷ್ಣನಿಗೆ ಕಂಡದ್ದು ಉಬ್ಬಿದ ನರ, ಕಣ್ಣೀರು, ಮೌನ ಅಷ್ಟೆ. ಅದಕ್ಕೇ ಮುಂದಿನ ಪದ್ಯದಲ್ಲಿ ಅವನು ‘ಮೌನವೇತಕೆ’ ಎಂದು ಕೇಳುತ್ತಾನೆ. ಅದಾದ ಮೇಲೆ ಕರ್ಣ ಬಾಯಿ ಬಿಡುತ್ತಾನೆ:

ಮರುಳು ಮಾಧವ ಮಹಿಯ ರಾಜ್ಯದ
ಸಿರಿಗೆ ಸೋಲುವನಲ್ಲ ಕೌಂತೇ
ಯರು ಸುಯೋಧನರೆನಗೆ ಬೆಸಕೈವಲ್ಲಿ ಮನವಿಲ್ಲ
ಹೊರೆದ ದಾತಾರಂಗೆ ಹಗೆವರ
ಶಿರವನರಿದೊಪ್ಪಿಸುವೆನೆಂಬೀ
ಭರದೊಳಿರ್ದೆನು ಕೌರವೇಂದ್ರನ ಕೊಂದೆ ನೀನೆಂದ

ಈಗ ಎರಡು ಪದ್ಯಗಳ ‘ಕೊಲ್ಲು’ಗಳನ್ನು ಪಕ್ಕಪಕ್ಕ ಇಡಿ. ಮನಸ್ಸಿನೊಳಗೆ: “ತನ್ನ ವಂಶವನರುಹಿ ಕೊಂದನು.” ಯಾರನ್ನು? ಕರ್ಮಪದವೇ ಇಲ್ಲ. ನನ್ನನ್ನು ಕೊಂದ ಎಂದೂ ಆಗಬಹುದು, ಕುರುಪತಿಯನ್ನು ಎಂದೂ ಆಗಬಹುದು. ಬಾಯಿ ಬಿಟ್ಟಾಗ: “ಕೌರವೇಂದ್ರನ ಕೊಂದೆ ನೀನು.” ಇಲ್ಲಿ ಕರ್ಮಪದ ಸ್ಪಷ್ಟ. ಒಳಗೆ ಇದ್ದ ಖಾಲಿ ಜಾಗವನ್ನು ಹೊರಗೆ ಬರುವಾಗ ಕರ್ಣ ದುರ್ಯೋಧನನ ಹೆಸರಿನಿಂದ ತುಂಬಿಬಿಟ್ಟಿದ್ದಾನೆ. ಪಟ್ಟಿ ಹಾಕದಿದ್ದರೆ ಇದು ಕಣ್ಣಿಗೆ ಬೀಳುವುದು ಕಷ್ಟ.

4. ಪಾತ್ರ: ಗುಣದ ಪಟ್ಟಿ ಬಿಟ್ಟು ತೊಡಕು ಹುಡುಕಿ

“ಕರ್ಣ ಸ್ವಾಮಿನಿಷ್ಠ, ದಾನಶೂರ, ವೀರ.” ಇದು ಪಾತ್ರಚಿತ್ರಣವಲ್ಲ, ಮದುವೆ ಬ್ರೋಕರು ಕೊಡುವ ವಿವರ. ಪಂಪನೂ ‘ವಿಕ್ರಮಾರ್ಜುನ ವಿಜಯ’ದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಣ ಹಂಚಿದ್ದಾನಲ್ಲ, ‘ಚಲದೊಳ್ ದುರ್ಯೋಧನಂ ನನ್ನಿಯೊಳಿನತನಯಂ’ (ಛಲದಲ್ಲಿ ದುರ್ಯೋಧನ, ಸತ್ಯದಲ್ಲಿ ಸೂರ್ಯಪುತ್ರ ಕರ್ಣ) ಎಂದು? ಹೌದು, ಆದರೆ ಆ ಪದ್ಯ ಬರುವುದು ಹದಿನಾಲ್ಕನೆಯ, ಕೊನೆಯ ಆಶ್ವಾಸದಲ್ಲಿ (ಅಧ್ಯಾಯದಲ್ಲಿ). ಅಷ್ಟೂ ತೋರಿಸಿದ ಮೇಲೆ ಅವನು ಹೇಳಿದ ಮಾತಿನಿಂದ ನೀವು ಶುರುಮಾಡುವಂತಿಲ್ಲ.

ತೊಡಕು ಎಂದರೆ ಒಂದೇ ಪಾತ್ರದಲ್ಲಿ ಒಂದಕ್ಕೊಂದು ಹೊಂದದ ಎರಡು ಸಂಗತಿ. ಕರ್ಣ ಒಡೆಯನ ಋಣ ತೀರಿಸುತ್ತೇನೆ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಈ ಭಾಗದ ಕೊನೆಯ ಪದ್ಯದಲ್ಲಿ, ಐವರನ್ನು ನೋಯಿಸುವುದಿಲ್ಲ ಎಂದು ಆಣೆ ಇಡುತ್ತಾನೆ. ಐವರನ್ನು ಮುಟ್ಟದಿದ್ದರೆ ಒಡೆಯ ಗೆಲ್ಲುವುದು ಹೇಗೆ? ‘ಕೌರವೇಂದ್ರನ ಕೊಂದೆ ನೀನು’ ಎಂಬ ಮಾತಿನ ತರ್ಕ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಸುದ್ದಿ ಕೇಳಿದ್ದು ಕರ್ಣ, ಸತ್ತದ್ದು ಕೌರವೇಂದ್ರ ಹೇಗೆ? ನಡುವಿನ ಮೆಟ್ಟಿಲನ್ನು ಕವಿ ಹೇಳುವುದಿಲ್ಲ: ಇನ್ನು ನನ್ನ ಕೈ ತಮ್ಮಂದಿರ ಮೇಲೆ ಏಳುವುದಿಲ್ಲ ಎಂಬುದನ್ನು ನಾವೇ ತುಂಬಿಕೊಳ್ಳಬೇಕು. ಹೀಗೆ ಹೇಳದೆ ಹೊಳೆಯಿಸುವುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಧ್ವನಿ ಎಂದು ಹೆಸರು.

ಆ ಆಣೆಯ ಸಾಲನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ: “ನಿನ್ನಯ ವೀರರೈವರ ನೋಯಿಸೆನು ರಾಜೀವಸಖನಾಣೆ.” ‘ನನ್ನ ತಮ್ಮಂದಿರು’ ಅನ್ನುವುದಿಲ್ಲ, ‘ನಿನ್ನ ಐವರು ವೀರರು’ ಅನ್ನುತ್ತಾನೆ. ಸಂಬಂಧವನ್ನು ನಾಲಿಗೆಗೆ ತಂದುಕೊಳ್ಳದೆ ಅದರ ಹೊಣೆಯನ್ನು ಮಾತ್ರ ಹೊರುತ್ತಾನೆ. ಆಣೆ ಯಾರ ಮೇಲೆ? ರಾಜೀವಸಖ, ತಾವರೆಯ ಗೆಳೆಯ, ಸೂರ್ಯ. ಈಗಷ್ಟೇ ತಿಳಿದ ತಂದೆಯ ಮೇಲೆ ಎಂದು ಓದಬಹುದು. ಆದರೆ ಕರ್ಣ ಮೊದಲಿನಿಂದಲೂ ಸೂರ್ಯನ ಭಕ್ತ, ಆ ಆಣೆ ಹಳೆಯ ಅಭ್ಯಾಸವೂ ಇರಬಹುದು. ಎರಡನ್ನೂ ಬರೆಯಿರಿ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಘಂಟಾಘೋಷವಾಗಿ ಸಾರಿದರೆ, ತಿಳಿದ ಓದುಗ ಮುಚ್ಚಿಟ್ಟದ್ದನ್ನೇ ಮೊದಲು ಕೇಳುತ್ತಾನೆ.

ಕೃಷ್ಣನಿಗೂ ಇದೇ ಪರೀಕ್ಷೆ ಮಾಡಿ. ಅವನು ತಂದದ್ದು ಸಿಂಹಾಸನದ ಸುದ್ದಿ. ಕವಿ ಮಾತ್ರ ‘ರವಿಸುತನ ಕಿವಿಯಲಿ ಬಿತ್ತಿದನು ಭಯವ’ ಎನ್ನುತ್ತಾನೆ. ಸಿಹಿ ಸುದ್ದಿಯನ್ನು ಭಯದ ಬೀಜ ಎಂದು ಕರೆದದ್ದು ಕರ್ಣನೂ ಅಲ್ಲ, ಕೃಷ್ಣನೂ ಅಲ್ಲ, ಕವಿಯೇ. ಪಾತ್ರದ ಮಾತು, ಕವಿಯ ಮಾತು ಎರಡಕ್ಕೂ ಬೇರೆ ಬಣ್ಣದ ಪೆನ್ನು ಬೇಕು ಎಂದದ್ದು ಇದಕ್ಕೆ.

ಒಂದೇ ಪಾತ್ರವನ್ನು ಇಬ್ಬರು ಕವಿಗಳು ಬರೆದಿದ್ದರೆ ಹೋಲಿಕೆ ತುಂಬ ಸಹಾಯಕ. ಪಂಪನ ಕರ್ಣನೂ ಪಾಂಡವರ ಕಡೆ ಬರಲೊಲ್ಲ. ಆದರೆ ಅವನು ಕೊಡುವ ಕಾರಣ ಒಂದು ನೆನಪು: ದುರ್ಯೋಧನನ ಹೆಂಡತಿ ಭಾನುಮತಿಯ ಪಗಡೆಯಾಟ, ಹರಿದ ಮುತ್ತಿನ ಹಾರ, ಸಂಶಯಪಡದೆ ಮುತ್ತು ಆಯಬೇಕೇ ಎಂದು ಕೇಳಿದ ದುರ್ಯೋಧನ (‘ನೆತ್ತಮನಾಡಿ ಭಾನುಮತಿ ಸೋಲ್ತೊಡೆ’ ಎಂಬ ಪದ್ಯ). ಕುಮಾರವ್ಯಾಸನ ಕರ್ಣನಿಗೆ ಋಣ ಮುಖ್ಯ, ಪಂಪನ ಕರ್ಣನಿಗೆ ನಂಬಿಕೆ. ಅಂದ ಹಾಗೆ, ಆ ಪದ್ಯದಲ್ಲಿ ಯಾರು ಯಾರೊಡನೆ ಆಡುತ್ತಿದ್ದರು, ಹಾರ ಎಳೆದವರು ಯಾರು ಎಂಬುದರ ಮೇಲೆ ವಿದ್ವಾಂಸರಲ್ಲಿ ಹಳೆಯ ಜಗಳವಿದೆ. ಒಂದೇ ಅರ್ಥ ಖಚಿತ ಎಂಬಂತೆ ಉಲ್ಲೇಖಿಸಬೇಡಿ.

5. ಶೈಲಿ: ಛಂದಸ್ಸು ಏನು ಬಲವಂತ ಮಾಡುತ್ತದೆ, ಕವಿ ಏನು ಆರಿಸುತ್ತಾನೆ

“ಶೈಲಿ ಸರಳ, ಸುಂದರ, ಮನಮುಟ್ಟುವಂತಿದೆ.” ಈ ವಾಕ್ಯವನ್ನು ಯಾವ ಕೃತಿಗೆ ಬೇಕಾದರೂ ಅಂಟಿಸಬಹುದು, ಆದ್ದರಿಂದ ಯಾವುದಕ್ಕೂ ಅಂಟುವುದಿಲ್ಲ. ಶೈಲಿಯೆಂದರೆ ಆಯ್ಕೆ. ಆಯ್ಕೆ ಎಲ್ಲಿತ್ತು ಎಂದು ತಿಳಿಯಲು ಆಯ್ಕೆ ಎಲ್ಲಿ ಇರಲಿಲ್ಲ ಎಂದು ಮೊದಲು ತಿಳಿಯಬೇಕು.

ಭಾಮಿನಿ ಷಟ್ಪದಿಯಲ್ಲಿ 6 ಸಾಲು. 1, 2, 4, 5ನೆಯ ಸಾಲುಗಳಲ್ಲಿ 3+4+3+4 ಮಾತ್ರೆ, ಒಟ್ಟು 14. 3 ಮತ್ತು 6ನೆಯ ಸಾಲುಗಳಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಪದ್ಯಕ್ಕೆ 102 ಮಾತ್ರೆ. ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರ ಉಚ್ಚರಿಸುವ ಕಾಲ. ದೀರ್ಘಾಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಅನುಸ್ವಾರ ಸೇರಿದ್ದಕ್ಕೆ ಎರಡು. ಪ್ರಸ್ತಾರ ಹಾಕಿ, ಅಂದರೆ ಸಾಲನ್ನು ಮಾತ್ರೆಯ ಲೆಕ್ಕಕ್ಕೆ ಒಡೆದು ನೋಡಿ: ಕೊರಳ | ಸೆರೆ ಹಿ | ಗ್ಗಿದವು | ದೃಗುಜಲ. ‘ಹಿ’ಗೆ ಎರಡು ಮಾತ್ರೆ ಯಾಕೆಂದು ಗೊತ್ತಾಯಿತಲ್ಲ?

ಎರಡನೆಯ ಬಲವಂತ ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಕೊರಳ, ಉರವಣಿಸಿ, ಕುರುಪತಿ, ಹರಿಯ, ಬರಿದೆ, ನರುಹಿ: ಎಲ್ಲದರಲ್ಲೂ ‘ರ’ಕಾರ.

ಇದರ ಉಪಯೋಗ ಹೀಗೆ. ಹೊಸಬರು ಹೆಸರುಗಳ ಮೇಲೆ ದೊಡ್ಡ ಸಿದ್ಧಾಂತ ಕಟ್ಟುತ್ತಾರೆ: “ಕೃಷ್ಣನನ್ನು ಇಲ್ಲಿ ದಾನವಸೂದನ ಎಂದು ಕರೆದದ್ದು ಅವನ ಕ್ರೌರ್ಯ ಸೂಚಿಸಲು.” ಆ ಪದ್ಯದ ಪ್ರಾಸ ನೋಡಿ: ಭೇದ, ಯಾದ, ವಾದಿ, ಮೇದಿ, ಳಾದು, ಸೂದ. ಆರನೆಯ ಸಾಲಿಗೆ ‘ದ’ಕಾರ ಬೇಕಿತ್ತು, ‘ಸೂದನ’ ಬಂತು. ಕ್ರೌರ್ಯದ ಅರ್ಥ ಇರಲೇಬಾರದು ಅಂತಲ್ಲ. ಆ ಪದದ ಮೇಲೆ ಅಷ್ಟು ಭಾರ ಹೇರಬೇಡಿ. ಅದೇ ಸಾಲಿನ ನಡುವೆ ಬರುವ ‘ರವಿಸುತ’ದ ಮೇಲೆ ಪ್ರಾಸದ ಒತ್ತಡವಿಲ್ಲ. ಗುಟ್ಟು ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಕವಿ ಅವನನ್ನು ಸೂರ್ಯನ ಮಗನೆಂದೇ ಕರೆಯುತ್ತಾನೆ. ಇದು ಹೆಚ್ಚು ಗಟ್ಟಿಯಾದ ಸಾಕ್ಷ್ಯ.

ಕ್ರಿಯಾಪದಗಳನ್ನು ಬೇರೆಯಾಗಿ ಪಟ್ಟಿ ಮಾಡಿ. ಕನ್ನಡದಲ್ಲಿ ಶೈಲಿಯ ಅರ್ಧ ಜೀವ ಅಲ್ಲಿರುತ್ತದೆ. ಕರ್ಣ ‘ಪತಿಯವಸರಕ್ಕೆ ಶರೀರವನು ನೂಕುವೆನು’ ಎನ್ನುತ್ತಾನೆ. ಪ್ರಾಣ ಕೊಡುವೆನು, ಅರ್ಪಿಸುವೆನು ಎಂಬ ಪದಗಳು ಕೈಗೆಟಕುವಂತಿದ್ದರೂ ‘ನೂಕುವೆನು’. ಮೈ ಇಲ್ಲಿ ಒಂದು ಸಾಮಾನು, ತನ್ನಿಂದ ಬೇರೆಯಾದದ್ದು. ತ್ಯಾಗದ ಹಿಗ್ಗು ಇದರಲ್ಲಿಲ್ಲ, ದಣಿವಿದೆ.

ರೂಪಕಗಳಿಗೆ ಒಂದು ಸಣ್ಣ ನಿಯಮ: ಅದು ಯಾವ ಕಸುಬಿನಿಂದ, ಯಾವ ಮನೆಯಿಂದ ಬಂತು ಎಂದು ಕೇಳಿ. ‘ಬಿತ್ತಿದನು ಭಯವ’ ಹೊಲದಿಂದ ಬಂದದ್ದು, ಬೆಳೆ ಮುಂದೆ ಬರಲಿದೆ ಎಂದು ಅದರಲ್ಲೇ ಇದೆ. ‘ಮಾರಿಗೌತಣವಾಯ್ತು ನಾಳಿನ ಭಾರತವು’ ಊರ ಮಾರಿಹಬ್ಬದಿಂದ. ‘ದುರಿಯೋಧನನ ಬಾಯ್ದಂಬುಲಕೆ ಕೈಯಾನುವರೆ’ ಎಂಬ ಕೃಷ್ಣನ ಚುಚ್ಚು ಅರಮನೆಯ ಊಳಿಗದಿಂದ: ಜಗಿದು ಉಗುಳುವ ತಾಂಬೂಲಕ್ಕೆ ಕೈ ಒಡ್ಡುವವನು ನೀನು ಎಂದು. ಅಲಂಕಾರದ ಹೆಸರು ಬರೆದು ನಿಲ್ಲಿಸಿದರೆ ಇಷ್ಟೂ ತಪ್ಪಿಹೋಗುತ್ತದೆ.

6. ಭಾವ: ಹೆಸರನ್ನು ಕೊನೆಗೆ ಬರೆಯಿರಿ

“ಇಲ್ಲಿ ಕರುಣರಸ ಉಕ್ಕಿ ಹರಿಯುತ್ತದೆ” ಎಂದು ಮೊದಲ ಸಾಲಲ್ಲೇ ಬರೆದರೆ ಆಮೇಲೆ ಬರೆಯಲು ಏನೂ ಉಳಿಯುವುದಿಲ್ಲ. ಹೆಸರಿಡುವುದನ್ನು ಮುಂದೂಡಿ.

ಭರತನ ನಾಟ್ಯಶಾಸ್ತ್ರ ಕೊಟ್ಟ ಸಲಕರಣೆ ಇದಕ್ಕೆ ಇಂದಿಗೂ ಅನುಕೂಲ. ವಿಭಾವ ಎಂದರೆ ಭಾವಕ್ಕೆ ಕಾರಣವಾದದ್ದು: ಯಾರ ಬಗ್ಗೆ ಆ ಭಾವವೋ ಅವರು ಆಲಂಬನ, ಅದನ್ನು ಕೆದಕಿದ ಸನ್ನಿವೇಶ ಉದ್ದೀಪನ. ಅನುಭಾವ ಎಂದರೆ ಮೈಮೇಲೆ ಕಾಣುವ ಗುರುತು. ಕಣ್ಣೀರು, ನಡುಕ, ರೋಮಾಂಚದಂಥ ತಾನಾಗಿ ಬರುವ 8 ಗುರುತುಗಳಿಗೆ ಸಾತ್ವಿಕ ಭಾವ ಎಂದು ಪ್ರತ್ಯೇಕ ಹೆಸರು. ವ್ಯಭಿಚಾರಿ ಅಥವಾ ಸಂಚಾರಿ ಭಾವಗಳು ಬಂದುಹೋಗುವ 33 ಮನಸ್ಥಿತಿಗಳು. ಇವೆಲ್ಲದರ ಕೆಳಗೆ ನಿಂತಿರುವುದು ಸ್ಥಾಯಿಭಾವ.

ನಮ್ಮ ಪದ್ಯಕ್ಕೆ ಹಚ್ಚೋಣ. ಅನುಭಾವ: ಉಬ್ಬಿದ ಕೊರಳ ನರ, ನುಗ್ಗಿದ ಕಣ್ಣೀರು. ಕ್ರಮ ನೋಡಿ: ಮೊದಲು ಕೊರಳು, ಆಮೇಲೆ ಕಣ್ಣು, ಆಮೇಲೆ ‘ಕಡುನೊಂದನು’, ಕೊನೆಗೆ ಯೋಚನೆ. ಮೈ ಮುಂದೆ, ಮನಸ್ಸು ಹಿಂದೆ. ಉದ್ದೀಪನ: ಕೃಷ್ಣ ಬಣ್ಣಿಸಿದ ಓಲಗ, ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು. ಸಂಚಾರಿ: ಆವೇಗ, ವಿಷಾದ, ಚಿಂತೆ. ಆಲಂಬನ ಯಾರು? ಇಲ್ಲಿ ತಡೆಯಿರಿ. ಕಳೆದುಹೋದ ತಾಯಿ, ತಮ್ಮಂದಿರು, ಕೈತಪ್ಪಿದ ಬಾಳು ಎಂದು ನಾವು ನಿರೀಕ್ಷಿಸುತ್ತೇವೆ. ಪದ್ಯದಲ್ಲಿರುವುದು ‘ಕುರುಪತಿಗೆ ಕೇಡಾದುದು’. ತನ್ನ ಹುಟ್ಟು ತಿಳಿದ ಕ್ಷಣದಲ್ಲಿ ಕರ್ಣ ಮೊದಲು ಅಳುವುದು ಇನ್ನೊಬ್ಬನಿಗಾಗಿ. ಈ ಒಂದು ಸಂಗತಿ ಸಿಕ್ಕಿದರೆ ಭಾವದ ವಿಶ್ಲೇಷಣೆಯೂ ಪಾತ್ರದ ವಿಶ್ಲೇಷಣೆಯೂ ಒಂದೇ ಕಡೆ ಬಂದು ಕೂಡುತ್ತವೆ.

ಭಾವ ಮತ್ತು ರಸವನ್ನು ಒಂದೇ ಮಾಡಬೇಡಿ. ಭಾವ ಪಾತ್ರದ್ದು, ರಸ ಓದುವ ಸಹೃದಯನದ್ದು. ಕರ್ಣ ಮರುಗುವುದು ಕೌರವನಿಗೆ, ನಾವು ಮರುಗುವುದು ಕರ್ಣನಿಗೆ. ಎರಡು ಬೇರೆ ದುಃಖಗಳು.

7. ಆಧುನಿಕ ಕೃತಿಗೆ ಬಂದಾಗ

ರಸದ ಚೀಟಿಗಳನ್ನು ಕಾದಂಬರಿಗೆ ಅಂಟಿಸುತ್ತ ಹೋದರೆ ನಗೆಪಾಟಲಾಗುತ್ತದೆ. ಪ್ರಶ್ನೆಗಳು ಅವೇ, ಹುಡುಕುವ ಜಾಗ ಬೇರೆ. ಇಲ್ಲಿ ಛಂದಸ್ಸಿನ ಜಾಗದಲ್ಲಿ ನಿರೂಪಕ ಕೂತಿರುತ್ತಾನೆ, ಅಂದರೆ ಕಥೆ ಹೇಳುವ ದನಿ. ಅದು ಲೇಖಕರ ದನಿಯೇ ಆಗಿರಬೇಕಿಲ್ಲ. ‘ಲೇಖಕರು ಹೇಳುತ್ತಾರೆ’ ಎಂದು ಬರೆದ ಕಡೆಯಲ್ಲೆಲ್ಲ ‘ನಿರೂಪಕ ಹೇಳುತ್ತಾನೆ’ ಎಂದು ತಿದ್ದಿ ನೋಡಿ, ಎಷ್ಟೋ ತಪ್ಪು ತಾನಾಗಿ ಉದುರುತ್ತದೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಪಾತ್ರ ವಿಶ್ಲೇಷಣೆಯ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ನಾರಣಪ್ಪ ಕಥೆ ಶುರುವಾಗುವ ಹೊತ್ತಿಗೇ ಸತ್ತಿದ್ದಾನೆ. ಅವನ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಬೇರೆಯವರ ಬಾಯಿಂದ, ಬೇರೆಯವರ ನೆನಪಿನಿಂದ. ನಾಲ್ಕು ಕಲಮುಗಳ ಪಟ್ಟಿಗೆ ಐದನೆಯದು ಸೇರಿಸಿ: ಹೀಗೆ ಹೇಳುವುದರಿಂದ ಹೇಳುವವನಿಗೆ ಏನು ಲಾಭ? ಅಂತ್ಯಸಂಸ್ಕಾರದ ಖರ್ಚಿಗೆಂದು ಅವನೊಡನೆ ಬಾಳಿದ ಚಂದ್ರಿ ಒಡವೆ ಬಿಚ್ಚಿಟ್ಟ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಹಿಂದೆ ಅಗ್ರಹಾರದವರು ಆಡಿದ್ದು, ಮುಂದೆ ಆಡಿದ್ದು ಎರಡನ್ನೂ ಹೋಲಿಸಿ. ಧರ್ಮದ ಅದೇ ಭಾಷೆ ಉಳಿದು, ಅದರ ಹಿಂದಿನ ಲೆಕ್ಕ ಬದಲಾಗಿರುತ್ತದೆ.

ಅದೇ ಕಾದಂಬರಿಯ ಮುಖ್ಯ ಪಾತ್ರ ಪ್ರಾಣೇಶಾಚಾರ್ಯರ ಭಾಗಗಳಲ್ಲಿ ಇನ್ನೊಂದು ತಂತ್ರ ಗಮನಿಸಬೇಕು: ಪಾತ್ರದ ಯೋಚನೆ ಉದ್ಧರಣ ಚಿಹ್ನೆಯಾಗಲಿ, ‘ಎಂದುಕೊಂಡರು’ ಎಂಬ ಬಾಲವಾಗಲಿ ಇಲ್ಲದೆ ನಿರೂಪಣೆಯೊಳಗೆ ನುಸುಳುವುದು. “ಅವನು ಬಾಗಿಲಲ್ಲಿ ನಿಂತ. ಒಳಗೆ ಹೋಗಲೇ? ಯಾರಾದರೂ ನೋಡಿದರೆ?” ಎಂಬಂಥ ಸಾಲುಗಳಲ್ಲಿ ಮೊದಲನೆಯದು ನಿರೂಪಕನದು, ಉಳಿದೆರಡು ಪಾತ್ರದ್ದು. ಎಲ್ಲಿಂದ ಎಲ್ಲಿಗೆ ದಾಟಿತು ಎಂದು ಪೆನ್ಸಿಲ್ ಗುರುತು ಹಾಕಿ.

ಕಥೆ ಹೇಳುವವನು ‘ನಾನು’ ಆದರೆ ಎಚ್ಚರ ಇಮ್ಮಡಿಯಾಗಲಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ನಿರೂಪಕನಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಿನ ಮೇಲೆ ಇಡೀ ಮನೆ ನಿಂತಿದೆ. ಅವನು ಯಾವ ಕಡೆ ‘ನಾನು’ ಎನ್ನುತ್ತಾನೆ, ಯಾವ ಕಡೆ ‘ನಾವು’ ಎಂದು ಮನೆಯವರ ಹಿಂದೆ ಸರಿಯುತ್ತಾನೆ ಎಂದು ಎಣಿಸುತ್ತ ಓದಿ. ಹೆಂಡತಿ ಅನಿತಾಳ ಬಗ್ಗೆ ಹೇಳಬೇಕಾದ ಜಾಗದಲ್ಲಿ ಏನನ್ನು ಹೇಳುತ್ತಾನೆ ಎಂಬುದೂ ಪಟ್ಟಿಯ ಕೊನೆಯ ಕಲಮಿಗೆ ಹೋಗಬೇಕು.

ಗದ್ಯದ ಶೈಲಿ ನೋಡುವಾಗ ಕನ್ನಡಕ್ಕೇ ಸೇರಿದ ಕೆಲವು ಸಣ್ಣ ಗುರುತುಗಳಿವೆ, ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ‘ಬಂದನಂತೆ’ಯ ‘ಅಂತೆ’: ನಾನು ಕಂಡಿಲ್ಲ, ಹೊಣೆ ನನ್ನದಲ್ಲ. ‘ಹೊಡೆದ’, ‘ಹೊಡೆದುಬಿಟ್ಟ’, ‘ಹೊಡೆದುಕೊಂಡ’: ಕೆಲಸ ಒಂದೇ, ಮನಸ್ಸು ಮೂರು. ‘ನೀನು’ ‘ನೀವು’ ಆದದ್ದು, ‘ಅವರು’ ‘ಅವನು’ ಆದದ್ದು ಯಾವ ಪುಟದಲ್ಲಿ? ‘ಅಣ್ಣ’ ಎನ್ನುತ್ತಿದ್ದವಳು ಹೆಸರು ಹಿಡಿದು ಕರೆದದ್ದು ಯಾವಾಗ? ಕರ್ಣನ ಭಾಗದಲ್ಲೂ ಇದಿದೆ: ಮೊದಲು ‘ನಿಮ್ಮಡಿಗಳಲಿ’, ‘ದೇವ ಮುರಾರಿ’ ಎಂದವನು ಅತ್ತ ಮೇಲೆ ‘ಮರುಳು ಮಾಧವ’, ‘ಕೊಂದೆ ನೀನು’ ಎನ್ನುತ್ತಾನೆ. ನಡುಗನ್ನಡದಲ್ಲಿ ದೇವರಿಗೆ ಏಕವಚನ ಸಹಜ, ಆದ್ದರಿಂದ ‘ನೀನು’ ಒಂದರಿಂದಲೇ ಸಿಟ್ಟು ಸಾಬೀತಾಗುವುದಿಲ್ಲ. ‘ಮರುಳು’ ಜೊತೆಗೆ ಸೇರಿದಾಗ ತೂಕ ಬರುತ್ತದೆ.

ಉಪಭಾಷೆಯಲ್ಲಿರುವ ಕೃತಿಯನ್ನು, ಉದಾಹರಣೆಗೆ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು, ಮನಸ್ಸಿನಲ್ಲೇ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿಕೊಂಡು ಓದಬೇಡಿ. ಅರ್ಥವಾಗದ ಕಡೆ ಗಟ್ಟಿಯಾಗಿ ಓದಿದರೆ ಕಿವಿಗೆ ಹತ್ತುತ್ತದೆ. ಆ ಆಡುನುಡಿ ಬಲ್ಲ ಒಬ್ಬರ ಬಾಯಲ್ಲಿ ಒಂದು ಪುಟ ಓದಿಸಿಕೊಂಡರೆ ಇನ್ನೂ ಒಳ್ಳೆಯದು.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯ ಹಿಂದೆ ಮಗುವಿನ ಸಾವಿದೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನೇ ನಾಲ್ಕು ಪ್ಯಾರಾ ಬರೆದರೆ ಕವಿಯ ಬಾಳಿನ ಕಥೆಯಾಗುತ್ತದೆ, ಕವಿತೆಯ ವಿಶ್ಲೇಷಣೆ ಆಗುವುದಿಲ್ಲ. ಕವಿತೆ ಗಂಡ ಹೆಂಡತಿಗೆ ಮಾಡುವ ಬೇಡಿಕೆಯಿಂದ ಶುರುವಾಗುತ್ತದೆ: ನೋಡಬೇಡ. ದುಃಖವನ್ನು ಹೇಳದೆ, ದುಃಖ ಕಾಣುವ ಕಣ್ಣನ್ನು ತಪ್ಪಿಸಿಕೊಳ್ಳುವುದು. ಕವಿಯ ಬದುಕಿನ ಸಂಗತಿಗೆ ಒಂದು ವಾಕ್ಯ ಕೊಡಿ, ‘ನೋಡು’ ಎಂಬ ಕ್ರಿಯಾಪದಕ್ಕೆ ಉಳಿದದ್ದು.

8. ಬರೆದು ಇಳಿಸುವುದು

ಒಂದು ಪ್ಯಾರಾಕ್ಕೆ ಒಂದೇ ಗಮನಿಕೆ. ಹೇಳಿಕೆ ಒಂದು ವಾಕ್ಯ, ಮೂಲದ ಮಾತು ಅರ್ಧ ಸಾಲು, ಆ ಮಾತಿನಲ್ಲಿ ಏನಿದೆ ಎಂಬ ವಿವರಣೆ ಮೂರು ನಾಲ್ಕು ವಾಕ್ಯ. ಉದ್ಧರಣೆ ನಿಮ್ಮ ವಿವರಣೆಗಿಂತ ಉದ್ದವಾದರೆ ಏನೋ ತಪ್ಪಿದೆ. ಮಾದರಿ:

“ಕರ್ಣ ಸಂಬಂಧವನ್ನು ಒಪ್ಪಿಕೊಂಡೂ ಬಾಯಲ್ಲಿ ಆಡುವುದಿಲ್ಲ. ಪಾಂಡವರನ್ನು ನೋಯಿಸೆನೆಂದು ಆಣೆ ಇಡುವಾಗಲೂ ಅವರು ಅವನಿಗೆ ‘ನಿನ್ನಯ ವೀರರೈವರು’, ಅಂದರೆ ಕೃಷ್ಣನ ಕಡೆಯವರು. ಷಷ್ಠಿಯ ಈ ಒಂದು ಪದ ಅವರನ್ನು ದೂರವಿಡುತ್ತದೆ, ‘ನೋಯಿಸೆನು’ ಎಂಬ ಕ್ರಿಯಾಪದ ಹತ್ತಿರ ತರುತ್ತದೆ. ಕೌರವನ ಋಣ ಮೊದಲನೆಯದರಲ್ಲಿದೆ, ಒಡಹುಟ್ಟಿದವರ ಋಣ ಎರಡನೆಯದರಲ್ಲಿ.”

ಸುಮಾರು 35 ಪದ, ಕಥೆ ಒಂದು ಸಾಲೂ ಇಲ್ಲ. ಇಂಥ ಆರೇಳು ಪ್ಯಾರಾ ಸೇರಿದರೆ ಲೇಖನ. ಕ್ರಮ ಹಾಕುವಾಗ ಪಠ್ಯದಲ್ಲಿ ಬಂದ ಅನುಕ್ರಮಕ್ಕೇ ಅಂಟಿಕೊಂಡರೆ ಮತ್ತೆ ಕಥೆ ಹೇಳುವ ಚಟ ಹತ್ತಿಕೊಳ್ಳುತ್ತದೆ. ತೊಡಕಿನಿಂದ ಶುರುಮಾಡಿ, ಅದಕ್ಕೆ ಸಂಬಂಧಪಟ್ಟ ಮಾತುಗಳನ್ನು ಹಿಂದೆ ಮುಂದೆ ಹೋಗಿ ಎತ್ತಿಕೊಳ್ಳಿ.

ಬರೆದಾದ ಮೇಲೆ ಒಂದು ರಾತ್ರಿ ಬಿಡಿ. ಮರುದಿನ ಪ್ರತಿ ವಾಕ್ಯದಲ್ಲಿ ಪಾತ್ರದ ಹೆಸರನ್ನು ಕೈಯಿಂದ ಮುಚ್ಚಿ ಓದಿ. ಕರ್ಣನ ಜಾಗದಲ್ಲಿ ಭೀಷ್ಮನನ್ನೋ ಅಭಿಮನ್ಯುವನ್ನೋ ಇಟ್ಟರೂ ವಾಕ್ಯ ಸರಿಹೋಗುತ್ತಿದ್ದರೆ ಅದನ್ನು ಹೊಡೆದುಹಾಕಿ, ಮೂಲಕ್ಕೆ ಹಿಂತಿರುಗಿ ಆ ಜಾಗಕ್ಕೆ ಬೇಕಾದ ಪದವನ್ನು ಹುಡುಕಿ ತನ್ನಿ.